ಕಮಲಕ್ಕನ ಜಾಗ

"ಇಲ್ಲಿ ಕುಂತ್ಕ ಪುಳ್ಳೆ, ಇದು ನನ್ ಜಾಗ" ಎಂದು ಕಮಲಮ್ಮಾಳ್ ಸರಣ್ಯಾಳ ಕೈ ಹಿಡಿದು ಜೀಪಿನೊಳಗೆ ಹತ್ತಿಸಿದಳು. ಡ್ರೈವರ್ ಬೆನ್ನ ಹಿಂದಿನ ಮೂಲೆ ಅದು. ತಿರುವುಗಳಲ್ಲಿ ಒರಗಿಕೊಳ್ಳಲು ಒಂದು ಕಬ್ಬಿಣದ ಪಟ್ಟಿ, ಕಾಲು ಚಾಚಲು ಉಳಿದವರಿಗಿಂತ ಒಂದು ಗೇಣು ಹೆಚ್ಚು. ಸರಣ್ಯಾ ಬೇಡ ಬೇಡ ಎನ್ನುತ್ತಲೇ ಕೂತಳು. ಅವಳ ಭುಜ ಒತ್ತಿ, ದುಪಟ್ಟಾ ಸರಿಮಾಡಿ, ಕಮಲಮ್ಮಾಳ್ ಕೆಳಗಿಳಿದಳು.

ಅಲ್ಲಿಯವರೆಗೆ ಗಲಗಲ ಅನ್ನುತ್ತಿದ್ದ ಹೆಂಗಸರು ಒಮ್ಮೆಗೇ ಸುಮ್ಮನಾದರು. ಯಾರೋ ಕೆಮ್ಮಿದರು. ಸ್ಟೇರಿಂಗ್ ಹಿಡಿದಿದ್ದ ಮಾಯಾಂಡಿ ಕನ್ನಡಿಯಲ್ಲಿ ಆ ಮೂಲೆಯನ್ನು ನೋಡಿದ, ಆಮೇಲೆ ಕೆಳಗೆ ನಿಂತಿದ್ದವಳನ್ನು ನೋಡಿದ.

"ಏನಕ್ಕಾ, ಆಯ್ತಾ?"

"ಆಯ್ತು ತಂಬಿ, ಹೊರಡು. ಪುಳ್ಳೆನ ಉಷಾರಾಗಿ ಕರ್ಕಂಡ್ ಬಾ."

ಹಿಂದಿನ ತುದಿಯಲ್ಲಿ, ಹಗ್ಗ ಹಿಡಿದು ಕೂರುವ ಕಡೆ ತೂರಿಕೊಂಡಿದ್ದ ಇಂದುಜಾಗೆ ಆ ಮೌನ ಗೊತ್ತಾಯಿತು, ಅರ್ಥ ಗೊತ್ತಾಗಲಿಲ್ಲ. ಹತ್ತೊಂಬತ್ತು ವರ್ಷದಿಂದ ತಾಯಿ ತಮಿಳುನಾಡಿನ ಕೊಂಬೈನಿಂದ ಜೀಪು ಹತ್ತಿ ಬೆಟ್ಟದಾಚೆ ಕೇರಳದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರೂ, ಮಗಳನ್ನು ಒಂದು ದಿನವೂ ಈ ಜೀಪಿನ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. ಇವತ್ತು ಮೂವರೂ ಹೋಗುವುದೆಂದು ಮಾತಾಗಿತ್ತು. ಹದಿನಾಲ್ಕು ಜನ ಕೂರುವ ಜೀಪಿನಲ್ಲಿ ಇಬ್ಬರು ಮದುವೆಗೆಂದು ರಜೆ ಹೇಳಿದ್ದರು. ಆದರೆ ಅವರಲ್ಲೊಬ್ಬಳು ಹಿಂದಿನ ಸಂಜೆಯೇ ವಾಪಸು ಬಂದು, ಬೆಳಿಗ್ಗೆ ಐದೂವರೆಗೆ ಮದರಂಗಿ ಕೈಯಲ್ಲೇ ತನ್ನ ಜಾಗ ಹಿಡಿದಿದ್ದಳು. ಒಂದು ಜಾಗ ಕಡಿಮೆಯಾಯಿತು. ಮನೆಗೆ ಬಂದ ನೆಂಟಳನ್ನು ಒಂಟಿಯಾಗಿ ಕಳಿಸುವ ಹಾಗಿಲ್ಲ, ಹಗ್ಗ ಹಿಡಿಸಿ ಕೂರಿಸುವ ಹಾಗೂ ಇಲ್ಲ. ಕಮಲಮ್ಮಾಳ್ ಹೆಚ್ಚು ಯೋಚಿಸಲಿಲ್ಲ.

ಜೀಪು ಹೊರಟಾಗ ಇಂದುಜಾ ಹಿಂದಕ್ಕೆ ನೋಡಿದಳು. ಟೀ ಅಂಗಡಿಯ ಬೆಳಕಿನಲ್ಲಿ ಅವ್ವ ಕೈಬೀಸಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದವಳ ಹಾಗೆ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

ಸರಣ್ಯಾ ನೆಂಟಳೇನೂ ಅಲ್ಲ. ಕೊಯಮತ್ತೂರಿನಲ್ಲಿ ಬ್ಯಾಂಕಿನ ಕೆಲಸ. ತಾತನ ಕಾಲಕ್ಕೆ ಬತ್ತಲಗುಂಡು ಕಡೆಯವರು, ಇವರ ಹಾಗೇ ಕನ್ನಡ ಮನೆಮಾತಿನ ಕುಲದವರೇ. ಫೋನಿನಲ್ಲಿ, ಊರೂರು ಅಲೆಯುವವರ ಒಂದು ಗುಂಪಿನಲ್ಲಿ ಇಂದುಜಾಗೆ ಪರಿಚಯವಾಗಿದ್ದಳು. ಆ ಗುಂಪಿನಲ್ಲಿ ಇಂದುಜಾ ಒಂದು ಸಾಲನ್ನೂ ಬರೆದವಳಲ್ಲ, ಓದುತ್ತಿದ್ದಳು ಅಷ್ಟೆ. ಸರಣ್ಯಾ ಬರೆಯುವುದು ಬೇರೆ ರೀತಿ ಇತ್ತು. ಅವಳು ಊರು ನೋಡಲು ಹೋಗುತ್ತಿರಲಿಲ್ಲ. ಜನ ದಿನಾ ಹೊಟ್ಟೆಪಾಡಿಗೆ ಹೋಗಿಬರುವ ದಾರಿಯಲ್ಲಿ ಅವರ ಜೊತೆ ಒಂದು ದಿನ ಹೋಗಿಬರುತ್ತಿದ್ದಳು. ನಿಲಕೋಟೆಯಿಂದ ದಿಂಡಿಗಲ್ ಮಾರ್ಕೆಟ್ಟಿಗೆ ಮಲ್ಲಿಗೆ ಮೂಟೆಗಳ ಮೇಲೆ ಕೂತು ಹೋಗಿದ್ದಳು. ಒಡ್ಡನ್‌ಛತ್ರದ ತರಕಾರಿ ಲಾರಿಯಲ್ಲಿ ಕ್ಲೀನರ್ ಜಾಗದಲ್ಲಿ ಕೂತು ಗಡಿ ದಾಟಿದ್ದಳು. ಅದನ್ನೆಲ್ಲ ಓದಿ ಓದಿ, ಒಂದು ದಿನ ಇಂದುಜಾ ತಾನಾಗಿ ಅವಳಿಗೆ ಒಂದೇ ಒಂದು ಸಂದೇಶ ಕಳಿಸಿದ್ದಳು: ನಮ್ಮ ಅಮ್ಮ ದಿನಾ ಜೀಪಿನಲ್ಲಿ ಕೇರಳಕ್ಕೆ ಹೋಗಿಬರುತ್ತಾಳೆ. ಕಳಿಸಿದ ಮೇಲೆ ಯಾಕಾದರೂ ಕಳಿಸಿದೆನೋ ಎಂದು ಎರಡು ದಿನ ಫೋನೇ ಮುಟ್ಟಿರಲಿಲ್ಲ. ಮೂರನೇ ದಿನ ನೋಡಿದಾಗ, ನಾನೂ ಬರಲಾ ಎಂದು ಸರಣ್ಯಾ ಕೇಳಿದ್ದಳು, ಇಂದುಜಾ ಬಾ ಎಂದಿದ್ದಳು.

ಕಂಬಂ ದಾಟುವ ಹೊತ್ತಿಗೆ ಜೀಪಿನಲ್ಲಿ ಮಾತು ಮರಳಿತ್ತು.

"ಯಾವೂರು ಪಾಪಾ?" ಸರಣ್ಯಾಳ ಪಕ್ಕ ಕೂತಿದ್ದ ಪೇಚಿಯಮ್ಮ ಕೇಳಿದಳು. ಕಮಲಮ್ಮಾಳಿಗೆ ಜೊತೆಯವಳು, ಸೀರೆಯ ಮೇಲೆ ಗಂಡನ ಹಳೆಯ ಪೊಲೀಸ್ ಬಣ್ಣದ ಅಂಗಿ ಹಾಕಿಕೊಂಡಿದ್ದಳು.

"ಕೊಯಮತ್ತೂರು ಅತ್ತೆ."

"ನನ್ನ ಅತ್ತೆ ಅಂದ್ರೆ ಮಗನ್ನ ಕೇಳ್ತೀಯಾ. ಇರೋ ಒಬ್ಬನ್ಗೂ ಮದ್ವೆ ಆಗೋಯ್ತು. ಮನೇಲಿ ನಮ್ ಮಾತೇನಾ?"

"ಅಜ್ಜಿ ಆಡ್ತಿದ್ರು. ನಂಗೆ ತಿಳೀತದೆ. ಬಾಯಿ ತಿರುಗಲ್ಲ."

"ಇದೂ ಹಂಗೇ" ಎಂದು ಪೇಚಿಯಮ್ಮ ಇಂದುಜಾ ಕಡೆ ಗಲ್ಲ ತೋರಿಸಿದಳು. "ಎಂ.ಎ. ಓದೈತೆ. ಬಾಯಿ ಮಾತ್ರ ಕಾಲೇಜಲ್ಲೇ ಇಟ್ಟು ಬಂದೈತೆ. ನಾ ಇದ್ರ ದನಿ ಕೇಳಿ ಎಷ್ಟು ಪೊಂಗಲ್ ಆಯ್ತೋ."

ಎಲ್ಲರೂ ನಕ್ಕರು. ಇಂದುಜಾ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅದು ಸುಳ್ಳೇನೂ ಆಗಿರಲಿಲ್ಲ. ಸರ್ಕಾರಿ ಪರೀಕ್ಷೆಗೆ ಓದುತ್ತೇನೆಂದು ಎರಡು ವರ್ಷ ಮನೆಯಲ್ಲೇ ಕೂತಿದ್ದಳು. ಕಂಬಂನ ಒಂದು ಶಾಲೆಯವರು ಎರಡು ಸಲ ಫೋನ್ ಮಾಡಿದ್ದರು. ಮೂರನೇ ತರಗತಿ, ನಲವತ್ತು ಮಕ್ಕಳು. ಪರೀಕ್ಷೆ ಹತ್ತಿರ ಇದೆ ಎಂದು ಎರಡು ಸಲವೂ ಫೋನ್ ಇಟ್ಟಿದ್ದಳು. ನಲವತ್ತು ಜೊತೆ ಕಣ್ಣುಗಳ ಮುಂದೆ ನಿಂತು ದನಿ ಎತ್ತುವುದು ತನ್ನಿಂದಾಗದು ಅಂದುಕೊಂಡಿದ್ದಳು.

"ಲೀವ್ ಹಾಕಿ ಬಂದಿದ್ದೀನಿ" ಎಂದು ಸರಣ್ಯಾ ಹೇಳುತ್ತಿದ್ದಳು.

"ಲೀವ್ ಹಾಕಿ ಕೂಲಿಗೆ ಬತ್ತಾರಾ ಯಾರಾರೂ? ತಿರುಗಾಡಕ್ಕೆ ಕೊಡೈಕೆನಾಲ್ ಇಲ್ವಾ, ತೇಕ್ಕಡಿ ಇಲ್ವಾ? ಬೋಟ್ ಐತೆ, ಆನೆ ಐತೆ."

"ನೋಡಕ್ಕೆ ಹೋದ್ರೆ ಊರು ಮುಖ ತೊಳ್ಕಂಡು ಪೌಡರ್ ಹಾಕ್ಕಂಡು ನಿಂತಿರ್ತದೆ ಅತ್ತೆ. ನಂಗೆ ಮುಖ ತೊಳೀದೇ ಇರೋ ಊರು ಬೇಕು."

"ಹಂಗಾರೆ ಸರಿಯಾದ ಜೀಪೇ ಹತ್ತಿದ್ದೀಯ. ಇಲ್ಲಿ ಯಾರೂ ಮುಖ ತೊಳ್ದಿಲ್ಲ." ಪೇಚಿಯಮ್ಮ ಎಲೆಯಡಿಕೆ ಬಾಯಿಗಿಟ್ಟಳು. "ನಾವೂ ಇಪ್ಪತ್ತು ವರ್ಷದಿಂದ ದಿನಾ ಕೇರಳ ಹೋಗ್ಬತ್ತೀವಿ. ಕೇರಳ ಹೆಂಗೈತೆ ಅಂತ ಒಬ್ರಾರೂ ಕೇಳವ್ರಾ?"

"ಹೆಂಗೈತೆ?" ಎಂದು ಕತ್ತಲಲ್ಲಿ ಯಾರೋ ಕೇಳಿದರು.

"ಬುಡದಾಗೈತೆ. ಗಿಡದ ಬುಡ ಬಿಟ್ಟು ಬೇರೆ ಕೇರಳ ನಾ ನೋಡ್ಲಿಲ್ಲ."

ಕಂಬಂ ಮೆಟ್ಟು ಘಾಟಿಯ ತಿರುವುಗಳು ಶುರುವಾದಾಗ ಒಬ್ಬೊಬ್ಬರೇ ನಿದ್ದೆಗೆ ಜಾರಿದರು. ಆ ನಿದ್ದೆಗೂ ಒಂದು ಕ್ರಮ ಇದ್ದಂತಿತ್ತು. ಎಡಕ್ಕೆ ತಿರುಗಿದಾಗ ಎಲ್ಲ ತಲೆಗಳೂ ಎಡಗಡೆಯ ಭುಜಕ್ಕೆ, ಬಲಕ್ಕೆ ತಿರುಗಿದಾಗ ಬಲಗಡೆಯ ಭುಜಕ್ಕೆ, ಯಾರೂ ಎಚ್ಚರಾಗುತ್ತಿರಲಿಲ್ಲ. ಮದರಂಗಿ ಕೈಯವಳು ಇಂದುಜಾ ಹೆಗಲ ಮೇಲೆ ಬಾಯಿ ತೆರೆದು ಮಲಗಿದಳು. ಕೆಳಗೆ ಕಣಿವೆಯ ದೀಪಗಳು ಮಂಜಿನಲ್ಲಿ ಕರಗುತ್ತಿದ್ದವು. ಸರಣ್ಯಾ ಮಾತ್ರ ಎಚ್ಚರವಾಗಿ ಕುತ್ತಿಗೆ ಚಾಚಿ ಹೊರಗೆ ನೋಡುತ್ತಿದ್ದಳು.

ತೋಟ ತಲುಪಿದಾಗ ಏಳೂಕಾಲು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಎತ್ತರದ ನೆರಳುಮರಗಳಿಂದ ಇನ್ನೂ ಹನಿ ಬೀಳುತ್ತಿತ್ತು. ಹೆಂಗಸರು ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಾಲಿಗೆ ಜಿಗಣೆ ಹತ್ತದಂತೆ ಉಪ್ಪು ಸುಣ್ಣ ಬಳಿದುಕೊಂಡು ನಿಂತರು. ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿದ ಮೇಲೆ ಎಲ್ಲರೂ ಒಂದೇ ವಯಸ್ಸಿನವರಂತೆ ಕಂಡರು. ತಲಾ ಒಂದು ಸಾಲು. ಎಲ್ಲರೂ ಹೆಚ್ಚು ಕಡಿಮೆ ಒಟ್ಟಿಗೇ ಮುಂದೆ ಹೋಗಬೇಕು. ಒಬ್ಬಳ ಸಾಲು ಹಿಂದೆ ಉಳಿದರೆ ದೂರದಿಂದಲೇ ಕಾಣುತ್ತದೆ.

ಸರಣ್ಯಾಗೂ ಇಂದುಜಾಗೂ ಸೇರಿ ಒಂದೇ ಸಾಲು ಸಿಕ್ಕಿತು. ಕಮಲಕ್ಕನ ಸಾಲು ಅದು. ಆಳೆತ್ತರದ ಎಲೆಗಳನ್ನು ಸರಿಸಿ ಒಳಗೆ ಹೊಕ್ಕರೆ ಬುಡದಲ್ಲಿ, ನೆಲದ ಮೇಲೆ ಹರಡಿದ ಬಳ್ಳಿಯಂಥ ಗೊನೆಗಳಲ್ಲಿ ಕಾಯಿ. ಹಣ್ಣಾದದ್ದನ್ನು ಮಾತ್ರ ಕೀಳಬೇಕು, ಎಳೆಯದನ್ನು ಬಿಡಬೇಕು, ಪಕ್ಕದ ಹೂವು ಉದುರಬಾರದು. ಕುಕ್ಕರುಗಾಲಲ್ಲಿ ಕೂತು, ಆ ಗಿಡ ಮುಗಿದರೆ ಏಳದೆಯೇ ಮುಂದಿನ ಗಿಡಕ್ಕೆ ಜರುಗಬೇಕು. ಅರ್ಧ ಗಂಟೆಯಲ್ಲಿ ಇಂದುಜಾಳ ತೊಡೆ ನಡುಗತೊಡಗಿತು. ಸರಣ್ಯಾ ಎರಡು ಸಲ ಕೆಸರಿನಲ್ಲಿ ಕೂತೇಬಿಟ್ಟಳು, ನಕ್ಕಳು. ಮೂರನೇ ಸಲ ನಗಲಿಲ್ಲ.

ಆದರೂ ಇಂದುಜಾಗೆ ಆ ಕೆಲಸ ಒಂದು ರೀತಿಯಲ್ಲಿ ಹಿಡಿಸಿತು. ಎಲೆಗಳ ಒಳಗೆ ಹೊಕ್ಕ ಮೇಲೆ ಯಾರಿಗೂ ಯಾರೂ ಕಾಣುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಹನಿ ಬೀಳುವ ಸದ್ದು, ಡಬ್ಬಿಗೆ ಕಾಯಿ ಬೀಳುವ ಸದ್ದು. ಇಲ್ಲಿ ಹೀಗೇ ಎಷ್ಟು ವರ್ಷ ಬೇಕಾದರೂ ಇದ್ದುಬಿಡಬಹುದು ಎಂದು ಒಂದು ಕ್ಷಣ ಅನ್ನಿಸಿತು.

ಒಂಬತ್ತು ಗಂಟೆಯ ಹೊತ್ತಿಗೆ ಇಬ್ಬರೂ ಎಲ್ಲರಿಗಿಂತ ಆರೇಳು ಗಿಡ ಹಿಂದೆ ಬಿದ್ದಿದ್ದರು. ಆಗ ಬಲಗಡೆಯ ಸಾಲಿನಿಂದ ಒಂದು ಕೈ ಬಂತು. ಪೇಚಿಯಮ್ಮ ತನ್ನ ಗಿಡ ಮುಗಿಸಿ, ಅವರ ಸಾಲಿನ ಎರಡು ಬುಡಗಳಿಗೆ ಕೈ ಹಾಕಿ, ಸರಸರನೆ ಕಿತ್ತು, ಕಾಯಿಯನ್ನು ಅವರ ಡಬ್ಬಿಗೇ ಸುರಿದು ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಮದರಂಗಿ ಕೈಯವಳು ಬಂದು ಎರಡು ಬುಡ ಮುಗಿಸಿ ಹೋದಳು. ಮತ್ತೆ ಬಲಗಡೆಯಿಂದ. ಮತ್ತೆ ಎಡಗಡೆಯಿಂದ. ಮಾತಿಲ್ಲ, ಕರೆಯಿಲ್ಲ, ನೀರು ಕುಡಿಯುವಷ್ಟು ಸಲೀಸು.

"ಅತ್ತೆ, ನಮಗೋಸ್ಕರ ನೀವ್ಯಾಕೆ ಕಷ್ಟಪಡ್ತೀರಿ, ನಿಧಾನಕ್ಕೆ ನಾವೇ ಮಾಡ್ತೀವಿ" ಎಂದಳು ಸರಣ್ಯಾ.

"ನಿಮ್ಗೋಸ್ಕರ ಅಲ್ಲ ಪಾಪಾ. ಕೈ ಅಭ್ಯಾಸ. ಕಮಲಾನ ಸಾಲಲ್ವಾ ಇದು."

ಎಲೆಗಳ ನಡುವೆ ಇಂದುಜಾ ಕೈ ನಿಂತಿತು. ಪೇಚಿಯಮ್ಮ ಅಷ್ಟರಲ್ಲಿ ಮುಂದೆ ಹೋಗಿಯಾಗಿತ್ತು.

ಊಟಕ್ಕೆ ಕೂತಾಗ ಇಂದುಜಾ ಪೇಚಿಯಮ್ಮನ ಪಕ್ಕ ಹೋಗಿ ಕೂತಳು. ಏನು ಕೇಳಬೇಕು ಎಂದು ಆಗಿನಿಂದಲೇ ವಾಕ್ಯ ಜೋಡಿಸಿಕೊಂಡಿದ್ದಳು, ಬಾಯಿ ತೆರೆದಾಗ ಬಂದದ್ದು ಬರೀ "ಎಷ್ಟು ದಿವ್ಸದಿಂದ ಅತ್ತೆ?"

ಪೇಚಿಯಮ್ಮ ಅವಳ ಮುಖ ನೋಡಿದಳು. "ಮನೇಲಿ ಏಳ್ಲಿಲ್ವಾ ಅವ್ಳು?"

"ಇಲ್ಲ."

"ಮಾಸಿ ತಿಂಗ್ಳಿಂದ. ಎಂಟು ತಿಂಗ್ಳಾಯ್ತು. ಮಂಡಿ ಮಡ್ಚಕ್ಕೇ ಆಗಲ್ಲ ನಿಮ್ಮವ್ವಗೆ. ಕೆಸ್ರಲ್ಲಿ ಮೊಣಕಾಲೂರ್ಕಂಡು ತೆವಳ್ಕಂಡು ಕಾಯಿ ಕೀಳ್ತಾಳೆ. ಗಿಡದೊಳ್ಗೆ ಯಾರ್ಗೂ ಕಾಣಲ್ಲ ಅಂತ ಅವ್ಳ ಎಣಿಕೆ. ಸಾಲು ಹಿಂದೆ ಬಿದ್ರೆ ತೋಟದೋರ್ಗೆ ಕಾಣ್ತದಲ್ಲ. ಅದ್ಕೇ ಆ ಕಡೆ ಈ ಕಡೆ ಎಲ್ರೂ ಎರಡೆರಡು ಬುಡ." ಅವಳು ಬಾಯಿಯೊಳಗಿನ ಮೆಣಸಿನಕಾಯಿ ತೆಗೆದು ಎಸೆದಳು. "ಅವ್ಳೂ ಒಂದ್ ಮಾತೂ ಕೇಳ್ಲಿಲ್ಲ. ನಾವೂ ಏಳ್ಲಿಲ್ಲ."

ಮನೆಯಲ್ಲಿ ಅವ್ವ ಸಂಜೆ ಬಂದು ಗೋಡೆಗೊರಗಿ ಕಾಲು ನೀಡಿ ಕೂತುಬಿಡುತ್ತಿದ್ದಳು. ಜೀಪಿನ ಕುಲುಕು ಅನ್ನುತ್ತಿದ್ದಳು. ಇಂದುಜಾ ಪುಸ್ತಕದಿಂದ ತಲೆ ಎತ್ತಿ ಎಣ್ಣೆ ಕೊಡುತ್ತಿದ್ದಳು, ಮತ್ತೆ ಪುಸ್ತಕಕ್ಕೆ ತಲೆ ಹಾಕುತ್ತಿದ್ದಳು.

"ಆದ್ರೂ ಹಿಂಗೆ ಏಳ್ದೆ ಕೇಳ್ದೆ ಬಿಟ್ಬುಡ್ತಾಳೆ ಅಂತ ನಾ ಅನ್ಕಳ್ಲಿಲ್ಲ" ಎಂದಳು ಪೇಚಿಯಮ್ಮ.

"ಏನು ಬಿಟ್ಲು?"

"ಜಾಗ. ಕೈ ಹಿಡಿದು ಕೂರಿಸ್ಲಿಲ್ವಾ ಬೆಳಿಗ್ಗೆ?" ಇಂದುಜಾಳ ಮುಖದಲ್ಲಿ ಏನೂ ತಿಳಿದಂತಿಲ್ಲದ್ದು ಕಂಡು ಪೇಚಿಯಮ್ಮ ಬಿಡಿಸಿ ಹೇಳಿದಳು. "ನಮ್ ಜೀಪಾಗೆ ಒಂದು ಕಟ್ಟೈತೆ ಪಾಪಾ. ಜಾಗ ಬಿಡೋಳು, ಮಗ್ಳೋ ಸೊಸೇನೋ ನಾದ್ನೀನೋ, ಯಾರ್ನಾರ ಕೈ ಹಿಡ್ಕಂಡ್ ಬಂದು, ಇದು ನನ್ ಜಾಗ ಅಂತ ಏಳಿ ಕೂರಿಸಿ ಇಳೀಬೇಕು. ನಮ್ಮತ್ತೆ ನನ್ನ ಹಂಗೇ ಕೂರ್ಸಿದ್ದು. ಇಳಿದ್ಮೇಲೆ ಅವ್ಳು ಮತ್ತೆ ಹತ್ತಂಗಿಲ್ಲ. ಇಲ್ದಿದ್ರೆ ಇವತ್ತು ಬಿಟ್ಟೆ, ನಾಳೆ ಬತ್ತೀನಿ ಅಂತ ದಿನಾ ಜಗಳ ಆಗೋದು."

"ಅವ್ವ ನೆಂಟರು ಅಂತ ಕೂರ್ಸಿದ್ದು ಅತ್ತೆ. ಅಷ್ಟೇ."

"ಇರ್ಬೋದು. ಮಾಯಾಂಡಿಗೆ ಏಳು."

ಸರಣ್ಯಾ ಇಷ್ಟೂ ಕೇಳಿಸಿಕೊಂಡಿದ್ದಳು. ಅವಳ ತುಟಿ ಚಳಿಗೆ ಬಿಳಿಚಿತ್ತು, ಪಾದದ ಮೇಲೆ ಜಿಗಣೆ ಕಚ್ಚಿದ ಕಡೆಯಿಂದ ರಕ್ತ ಇನ್ನೂ ಸೋರುತ್ತಿತ್ತು. ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. "ನನ್ನಿಂದ ಆಗಿದ್ದು. ನಾನೇ ಹೇಳ್ತೀನಿ."

ಮಾಯಾಂಡಿ ಜೀಪಿನ ಬಾನೆಟ್ ಎತ್ತಿ ನೀರು ಹಾಕುತ್ತಿದ್ದ. ಜೀಪು ಅವನದೇ, ತೋಟಕ್ಕೆ ಆಳು ಹೊಂದಿಸಿ ತರುವವನೂ ಅವನೇ. ತಮಿಳಿನವನಾದರೂ ಈ ಹೆಂಗಸರನ್ನು ಹೊತ್ತು ಹೊತ್ತು ಅವರ ಮಾತು ಅವನ ನಾಲಗೆಗೆ ಹತ್ತಿತ್ತು. ಸರಣ್ಯಾ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದ.

"ನೀವು ನಾಳೆ ಎಲ್ಲಿರ್ತೀರಿ ಮೇಡಂ?"

ಸರಣ್ಯಾ ಇದ್ದದ್ದನ್ನು ಹೇಳಿದಳು. ನಾಳೆ ಬತ್ತಲಗುಂಡಿನಿಂದ ಕೊಡೈಕೆನಾಲಿಗೆ ಹಾಲು ಒಯ್ಯುವ ವ್ಯಾನಿನವರ ಜೊತೆ ಮಾತಾಗಿತ್ತು.

"ಸರಿ, ಹಾಲಿನ ವ್ಯಾನು. ನಾಳಿದ್ದು ಬೇರೆ ಇನ್ನೇನೋ." ಅವನ ದನಿಯಲ್ಲಿ ಕೋಪವಿರಲಿಲ್ಲ. "ಕಮಲಕ್ಕನ ಕಾಲು ನಂಗೂ ಕಾಣ್ತದೆ ಮೇಡಂ. ದಿನಾ ಹತ್ತುವಾಗ ಇಳಿಯುವಾಗ ಕನ್ನಡೀಲಿ ನಾನಲ್ವಾ ನೋಡೋದು. ಬಿಡಿ ಅಂತ ನಾನು ಹೇಳಕ್ಕಾಗಲ್ಲ, ಅಕ್ಕ ಅವ್ಳು. ಅವ್ಳೇ ಬಿಟ್ಟಿದ್ದಾಳೆ, ಹದಿಮೂರು ಜನ ನೋಡಿದ್ದಾರೆ. ಅಯ್ಯಾವು ಹೆಂಡ್ತಿ ಒಂದು ವರ್ಷದಿಂದ ಜಾಗ ಕೇಳ್ತಾ ಕಾಯ್ತಾ ಇದ್ದಾಳೆ." ಬಾನೆಟ್ ಮುಚ್ಚಿ ಇಂದುಜಾ ಕಡೆ ತಿರುಗಿದ. "ನೀನು ಬರ್ತೀಯಂದ್ರೆ ಬೇರೆ. ತಾಯಿ ಜಾಗ ಮೊದ್ಲು ಮಗಳಿಗೆ. ಊರು ತಲುಪೋದ್ರೊಳಗೆ ಒಂದು ಮಾತು ಹೇಳು ತಾಯಿ. ಇಳಿದ ಮೇಲೆ ನಾನು ಅಯ್ಯಾವು ಮನೆಗೆ ಹೋಗ್ತೀನಿ."

ಮಧ್ಯಾಹ್ನದ ಮೇಲೆ ಮತ್ತೆ ಮಳೆ ಹಿಡಿಯಿತು. ಕಾಯಿ ಕೀಳುತ್ತಲೇ ಇಂದುಜಾ ಲೆಕ್ಕ ಹಾಕಿದಳು. ಅಪ್ಪ ಮೂಕಯ್ಯ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಕಾವಲಿದ್ದ. ಅವನ ದುಡಿಮೆ ಮನೆಯ ಅಕ್ಕಿಗೆ ಸರಿ. ಉಳಿದದ್ದೆಲ್ಲ ಅವ್ವನ ಜೀಪಿನಿಂದಲೇ ಬರುತ್ತಿತ್ತು, ಇಂದುಜಾಳ ಪುಸ್ತಕ, ಪರೀಕ್ಷೆ, ಎರಡು ವರ್ಷದ ಮೌನ ಎಲ್ಲವೂ. ಬೆಳಿಗ್ಗೆಯದು ಗೊತ್ತಿಲ್ಲದೆ ಆದ ತಪ್ಪು ಎಂದು ಹಟ ಹಿಡಿದರೆ ಮಾಯಾಂಡಿ ಒಪ್ಪಲೂಬಹುದು. ನಾಳೆಯಿಂದ ಅವ್ವ ಮತ್ತೆ ಈ ಕೆಸರಿನಲ್ಲಿ ತೆವಳಬೇಕು. ಸುಮ್ಮನಿದ್ದರೆ ಜಾಗ ಹೋಯಿತು. ಮೂರನೆಯ ದಾರಿ ಮಾತ್ರ ಅಷ್ಟೇನೂ ಕಷ್ಟದ್ದಾಗಿ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಅವಳ ಬೆರಳುಗಳು ಕಾಯಿಯ ರಸಕ್ಕೆ ಕಂದಿ, ಬೆನ್ನು ಮುರಿದಂತಾಗಿತ್ತು. ಆದರೂ ಮನಸ್ಸಿನೊಳಗೆ ಒಂದು ವಿಚಿತ್ರ ಸಮಾಧಾನವಿತ್ತು. ತೀರ್ಮಾನ ಆಗಿಹೋದವರ ಸಮಾಧಾನ.

ಇಳಿಯುವಾಗ ಸರಣ್ಯಾಳೂ ನಿದ್ದೆಹೋದಳು. ತಿರುವು ಬಂದಾಗ ಅವಳ ತಲೆಯೂ ಉಳಿದವರ ತಲೆಗಳ ಜೊತೆ ಎಡಕ್ಕೆ ಬಲಕ್ಕೆ ವಾಲುತ್ತಿತ್ತು. ನಡುವೆ ಒಮ್ಮೆ ಎಚ್ಚರಾಗಿ, ಹಿಂದೆ ಕೂತಿದ್ದ ಇಂದುಜಾಳನ್ನು ನೋಡಿ, "ನಾನು ಬರ್ಲೇಬಾರದಿತ್ತು" ಅಂದಳು. ಇಂದುಜಾ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿದಳು. ಕರೆದವಳು ತಾನೇ.

ಉತ್ತಮಪಾಳಯಂ ದಾಟಿದ ಮೇಲೆ ಕನ್ನಡಿಯಲ್ಲಿ ಮಾಯಾಂಡಿಯ ಕಣ್ಣು ಎರಡು ಸಲ ಅವಳನ್ನು ಹುಡುಕಿತು.

"ನಾ ಬತ್ತೀನಿ ಅಣ್ಣೆ" ಎಂದಳು ಇಂದುಜಾ. ಎಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ, ಗಂಟಲು ಬಿಟ್ಟು ಹೇಳಬೇಕಾಯಿತು. "ನಾಳೆಯಿಂದ ನಾ ಬತ್ತೀನಿ."

ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದ ಹೆಂಗಸರು ಒಬ್ಬೊಬ್ಬರೇ ಕಣ್ಣು ಬಿಟ್ಟರು. ಪೇಚಿಯಮ್ಮ ಬಾಯಿಯ ಎಲೆಯಡಿಕೆ ಹೊರಗೆ ಉಗಿದಳು.

ಕಮಲಮ್ಮಾಳ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಇಳಿಬಿಟ್ಟ ಕೂದಲ ತುದಿಗೆ ಗಂಟು. ಮುಖ ಊದಿಕೊಂಡಂತೆ ಕಾಣುತ್ತಿತ್ತು. ಮಧ್ಯಾಹ್ನವೆಲ್ಲ ಮಲಗಿದವಳ ಮುಖ ಅದು. ಇಂದುಜಾ ಅದನ್ನು ಹಾಗೆ ಎಂದೂ ನೋಡಿರಲಿಲ್ಲ. ಕಮಲಮ್ಮಾಳ್ ಮೊದಲು ಸರಣ್ಯಾಳ ಕೈ ಹಿಡಿದು ಇಳಿಸಿ, ಅವಳ ಪಾದ ನೋಡಿ ಚ್ ಚ್ ಎಂದು, ಬೆರಳಿಗೆ ಎಂಜಲು ಹಚ್ಚಿ ಗಾಯ ಒತ್ತಿ ಹಿಡಿದಳು.

"ಅಕ್ಕಾ" ಎಂದ ಮಾಯಾಂಡಿ. "ನಾಳೆಯಿಂದ ಇಂದು ಬರ್ತಾಳಂತೆ. ನಿನ್ನ ಜಾಗಕ್ಕೆ."

ಕಮಲಮ್ಮಾಳ್ ಬಗ್ಗಿದ್ದವಳು ನೆಟ್ಟಗೆ ನಿಂತಳು. ನಿಲ್ಲಲು ಜೀಪಿನ ಕಂಬಿ ಹಿಡಿಯಬೇಕಾಯಿತು. ಮಗಳ ಮುಖವನ್ನೂ, ಕಂದಿದ ಬೆರಳುಗಳನ್ನೂ ನೋಡಿದಳು.

"ಯಾರು ಏಳಿದ್ದು?"

"ನಾನೇ" ಎಂದಳು ಇಂದುಜಾ. "ನಿನ್ ಕಾಲು... ನಂಗೆ ಎಲ್ಲ ಗೊತ್ತಾಯ್ತು ಅವ್ವಾ."

"ಕಾಲು ನಂದು. ಅದ್ರ ಮಾತು ನಿಂಗ್ಯಾಕೆ?" ದನಿ ಏರಲಿಲ್ಲ. "ಆ ಸ್ಕೂಲೋರು ಎರಡು ಸಲ ಫೋನ್ ಮಾಡಿದ್ರು. ನಂಗೆ ಗೊತ್ತಿಲ್ಲ ಅನ್ಕಂಡ್ಯಾ? ಪಕ್ಕದಾಗೇ ಮಲ್ಗಿದ್ದೆ. ನಲ್ವತ್ತು ಮಕ್ಳ ಮುಂದೆ ಬಾಯಿ ಬಿಡಕ್ಕೆ ಭಯ. ಅದ್ಕೆ ಕಾಡಲ್ಲಿ ಗಿಡದೊಳ್ಗೆ ಅವಿತ್ಕಳಕ್ಕೆ ಹೋಗ್ತೀಯಾ?"

ಇಂದುಜಾಳ ಕಿವಿ ಬಿಸಿಯಾಯಿತು. ಇಡೀ ದಿನ ಆ ಎಲೆಗಳ ನಡುವೆ ತನಗೆ ಸಿಕ್ಕಿದ್ದ ಸಮಾಧಾನವನ್ನು ಅವ್ವ ಇಲ್ಲಿ, ನಡುಬೀದಿಯಲ್ಲಿ, ಎಲ್ಲರ ಮುಂದೆ ಹೊರಗೆಳೆದು ಹಿಡಿದಂತಿತ್ತು.

"ಬೆಳಿಗ್ಗೆ ನೀನು ಮರ್ತು ತಾನೇ ಕೂರ್ಸಿದ್ದು" ಎಂದಳು ಪೇಚಿಯಮ್ಮ ಮೆಲ್ಲಗೆ. "ಹಂಗಂತ ಏಳ್ಬುಡು ಕಮಲಾ. ನಾವೇನು ಬ್ಯಾಡ ಅಂತೀವಾ."

"ಆಮಾ, ಮರ್ತೇ ಕೂರ್ಸಿದ್ದು. ಕಟ್ಟು ನೆಪ್ಪಿಗೆ ಬರ್ಲಿಲ್ಲ." ಕಮಲಮ್ಮಾಳ್ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಜೀಪು ತಿರುಗಿ ಮರೆ ಆದ್ಮೇಲೆ ನೆಪ್ಪಾಯ್ತು. ಎದೆ ಧಸಕ್ ಅಂತು. ಫೋನ್ ಕೈಯಾಗೇ ಇತ್ತು, ಮಾಡ್ಬೋದಿತ್ತು. ಮಾಡಾನ ಅನ್ಕಂಡು ಮನೆಗೆ ಹೋದೆ. ಸ್ವಲ್ಪ ಕಾಲು ನೀಡಾನ ಅಂತ ನೀಡ್ದೆ." ಅವಳು ಯಾರನ್ನೂ ನೋಡದೆ, ಜೀಪಿನ ಚಕ್ರ ನೋಡುತ್ತ ಹೇಳಿದಳು. "ಎದ್ದಾಗ ಮೂರು ಗಂಟೆ. ಆಮೇಲೂ ನಾ ಮಾಡ್ಲಿಲ್ಲ."

ಆಮೇಲೆ ಅವಳು ಮಾಯಾಂಡಿ ಕಡೆ ತಿರುಗಿದಳು.

"ಅಯ್ಯಾವು ಹೆಂಡ್ತಿಗೆ ಕೊಡು ತಂಬಿ. ಅವ್ಳ್ಗೆ ಇಬ್ರು ಸಣ್ಣ ಮಕ್ಳು."

ಮಾಯಾಂಡಿ ತಲೆ ಆಡಿಸಿದ. ಕಮಲಮ್ಮಾಳ್ ಜೀಪಿನೊಳಗೆ ಕೈ ಚಾಚಿ, ತನ್ನ ಮೂಲೆಯ ಸೀಟಿನ ಅಡಿಯಿಂದ ಏನನ್ನೋ ಎಳೆದಳು. ಮಡಿಸಿ ಮಡಿಸಿ ಹೊಲಿದ ಒಂದು ಗೋಣಿಚೀಲ, ಕೂತು ಕೂತು ನಡು ತೆಳ್ಳಗಾದದ್ದು. ಅದನ್ನು ತೊಡೆಗೆ ಬಡಿದು ಧೂಳು ಕೊಡವಿದಳು. ಪೇಚಿಯಮ್ಮ ತನ್ನ ಕಡೆಯಿಂದ ಬಗ್ಗಿ ಅವಳ ಕೈ ಹಿಡಿದಳು, ಹಿಡಿದೇ ಇದ್ದಳು. ಆಮೇಲೆ, "ನಾಳೆಯಿಂದ ಯಾವಳ ತಲೆ ನನ್ನ ಮೇಲೆ ಬೀಳ್ತದೋ. ಅಯ್ಯಾವು ಹೆಂಡ್ತಿ ಗೊರಕೆ ಬ್ಯಾರೆ ಹೊಡೀತಾಳಂತೆ" ಎಂದಳು. ಕಮಲಮ್ಮಾಳ್ ನಕ್ಕಳು. ಜೀಪು ಹೋಯಿತು.

ಮೂವರೂ ಮನೆಯ ಕಡೆ ನಡೆದರು. ಅವ್ವ ಎಲ್ಲಿ ಎಲ್ಲಿ ನಿಲ್ಲುತ್ತಾಳೆಂದು ಇಂದುಜಾ ಮೊದಲ ಸಲ ಗಮನಿಸಿದಳು. ಅಂಚೆ ಡಬ್ಬಿಯ ಹತ್ತಿರ ಒಮ್ಮೆ, ನಲ್ಲಿಯ ಹತ್ತಿರ ಒಮ್ಮೆ, ಮೂಲೆಮನೆಯ ಜಗಲಿಗೆ ಕೈಕೊಟ್ಟು ಒಮ್ಮೆ. ಪ್ರತಿ ಸಲವೂ ಏನೋ ನೋಡುವವಳ ಹಾಗೆ ನಿಲ್ಲುತ್ತಿದ್ದಳು. ಸರಣ್ಯಾಳೂ ಕುಂಟುತ್ತಿದ್ದಳು.

ಮರುದಿನ ಸರಣ್ಯಾ ಮೊದಲ ಬಸ್ಸಿಗೇ ಹೊರಟಳು. ಬತ್ತಲಗುಂಡಿಗಲ್ಲ, ನೇರ ಕೊಯಮತ್ತೂರಿಗೆ. ಹಾಲಿನ ವ್ಯಾನಿನವನಿಗೆ ಬರುವುದಿಲ್ಲ ಎಂದು ಹೇಳಿದ್ದಳು. ಯಾಕೆಂದು ಇಂದುಜಾ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಅವಳು ಕ್ಷಮೆ ಕೇಳಲು ಬಾಯಿ ತೆರೆದಾಗ ಕಮಲಮ್ಮಾಳ್ ಅವಳ ಗಲ್ಲ ಸವರಿ, "ಇನ್ನೊಂದು ದಪ ಬಾ ಕಣ್ಣು. ಏನೂ ವೇಲೆ ಮಾಡಾದು ಬ್ಯಾಡ, ಸುಮ್ನೆ ಬಾ, ಮಲ್ಗು, ಉಂಡು ಹೋಗು" ಎಂದಳು.

ಇಂದುಜಾ ಅವಳನ್ನು ಬಸ್ಸು ಹತ್ತಿಸಿ ಬಂದಾಗ ಇನ್ನೂ ಆರು ಗಂಟೆ ಆಗಿರಲಿಲ್ಲ. ಅವ್ವ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಿದ್ದಳು. ಪಕ್ಕದಲ್ಲಿ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಎಂದಿನಂತೆ ನಾಲ್ಕಕ್ಕೆ ಎದ್ದು, ಅಡುಗೆ ಮಾಡಿ, ಡಬ್ಬಿ ತುಂಬಿ, ಬೀಗದ ಕಡ್ಡಿ ಹಾಕಿಬಿಟ್ಟಿದ್ದಳು.

"ನೀನು ಮಲ್ಗಬೋದಿತ್ತು."

"ಕೈ ಸುಮ್ನಿರ್ಲಿಲ್ಲ." ಕಮಲಮ್ಮಾಳ್ ಡಬ್ಬಿಯನ್ನು ಒಂದು ಸಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಏನ್ ಮಾಡಾದು ಇದ್ನ?"

ಇಂದುಜಾ ಪಕ್ಕದಲ್ಲಿ ಕೂತು ಕಡ್ಡಿ ಬಿಡಿಸಿದಳು. ಮುಚ್ಚಳ ತೆಗೆದಾಗ ಹುಳಿಯನ್ನದ ಹಬೆ ಇಬ್ಬರ ಮುಖಕ್ಕೂ ಬಡಿಯಿತು. ಕಮಲಮ್ಮಾಳ್ ಒಂದು ತುತ್ತು ಎತ್ತಿ ಬಾಯಿಗಿಟ್ಟುಕೊಂಡಳು. ಬಿಸಿ ತಾಳದೆ ಬಾಯಿ ಅರೆತೆರೆದು ಉಫ್ ಉಫ್ ಎಂದು ಊದಿದಳು, ಆಮೇಲೆ ಡಬ್ಬಿಯೊಳಗೆ ನೋಡಿದಳು. ತೋಟದಲ್ಲಿ ತೆರೆಯುವ ಹೊತ್ತಿಗೆ ಈ ಅನ್ನ ಯಾವತ್ತೂ ತಣ್ಣಗಾಗಿರುತ್ತಿತ್ತು. ಅವಸರವಿಲ್ಲದೆ ಅನ್ನವನ್ನು ಬೆರಳಲ್ಲಿ ಹರಡಿ, ಆರಲಿ ಎಂದು ಬಿಟ್ಟು ಕೂತಳು.